ವಿವಿಎಸ್ ಸರಿ, ಕಟ್ ಹೇಗಿದೆ?

ಮಾನ್ಯ ಸಂಪಾದಕರೇ,

ಮದುವೆ ಸೀಸನ್ ಬಂತೆಂದರೆ ಮಂಗಳೂರು–ಉಡುಪಿ ಹೆದ್ದಾರಿಯ ಹೋರ್ಡಿಂಗ್‌ಗಳಲ್ಲೂ ಪತ್ರಿಕೆಗಳ ಮುಖಪುಟದಲ್ಲೂ ‘ವಿವಿಎಸ್, ಇಎಫ್ ವಜ್ರ’ಗಳದ್ದೇ ಜಾಹೀರಾತು. ವಿವಿಎಸ್ ಎಂದರೆ ಕಲ್ಲಿನೊಳಗಿನ ಶುದ್ಧತೆ, ಇಎಫ್ ಎಂದರೆ ಬಣ್ಣ. ಹೊಳಪನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವ ಕಟ್, ಅಂದರೆ ಕಲ್ಲನ್ನು ಕತ್ತರಿಸಿ ಮುಖಗಳನ್ನು ಮೂಡಿಸಿದ ರೀತಿಯ ಬಗ್ಗೆ ಒಂದಕ್ಷರವೂ ಇರುವುದಿಲ್ಲ. ಗಿರಾಕಿಗಳೂ ಕೇಳುವುದಿಲ್ಲ.

ದುಂಡು ವಜ್ರಕ್ಕೆ ಸಾಮಾನ್ಯವಾಗಿ 57 ಮುಖಗಳು. ಮೇಲಿನಿಂದ ಒಳಹೊಕ್ಕ ಬೆಳಕು ತಳದ ಇಳಿಜಾರಿಗೆ ಬಡಿದು ಮತ್ತೆ ಮೇಲಕ್ಕೇ ಬರಬೇಕು. ಅದಕ್ಕೆ ಆ ಇಳಿಜಾರು 41 ಡಿಗ್ರಿಯ ಆಸುಪಾಸಿನಲ್ಲಿರಬೇಕು. ತಳ ತೀರಾ ಆಳವಾದರೆ ನಡುಭಾಗ ಕಪ್ಪಾಗಿ ಕಾಣುತ್ತದೆ. ತೀರಾ ಚಪ್ಪಟೆಯಾದರೆ ಒಳಗೊಂದು ಮಂಕು ಬಳೆ ಮೂಡುತ್ತದೆ. ಕಸುಬಿನವರು ಇದನ್ನು ಮೀನಿನ ಕಣ್ಣು ಎನ್ನುತ್ತಾರೆ. ಕಣ್ಣು ನೋಡಿಯೇ ಬಂಗುಡೆ ಕೊಳ್ಳುವ ನಮ್ಮೂರಿನವರಿಗೆ ಇದನ್ನು ಗುರುತಿಸುವುದು ಕಷ್ಟವಾಗಲಾರದು.

ಕಟ್ ಕೆಡಲು ಮುಖ್ಯ ಕಾರಣ ತೂಕದ ಆಸೆ. ದುಂಡಗೆ ಕತ್ತರಿಸುವಾಗ ಕಚ್ಚಾ ಕಲ್ಲಿನ ಅರ್ಧದಷ್ಟು ಪುಡಿಯಾಗಿ ಹೋಗುವುದುಂಟು. ಅದನ್ನು ಉಳಿಸಲು ಹೊಟ್ಟೆಯನ್ನೂ ಅಂಚನ್ನೂ ದಪ್ಪ ಬಿಡುತ್ತಾರೆ. ಹಾಗಾಗಿ ಸೆಂಟ್ ಕೇಳಿ ಸುಮ್ಮನಾಗಬೇಡಿ, ಮಿಲಿಮೀಟರ್ ಕೇಳಿ. 100 ಸೆಂಟ್, ಅಂದರೆ 1 ಕ್ಯಾರೆಟ್ ಅಥವಾ 200 ಮಿಲಿಗ್ರಾಂ ತೂಗುವ ದುಂಡು ಕಲ್ಲಿನ ಅಗಲ ಸುಮಾರು 6.5 ಮಿ.ಮೀ. ಇರಬೇಕು. 6.1 ಇದ್ದರೆ ಕಣ್ಣಿಗೆ ಕಾಣದ ತೂಕಕ್ಕೂ ದುಡ್ಡು ಕೊಡುತ್ತಿದ್ದೀರಿ.

ಇನ್ನು ಶುದ್ಧತೆ. ಅದನ್ನು ಅಳೆಯುವುದು 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್‌ನಲ್ಲಿ. ವಿವಿಎಸ್‌ಗೂ ಅದಕ್ಕಿಂತ ಕೆಳಗಿನ ವಿಎಸ್‌ಗೂ ಇರುವ ವ್ಯತ್ಯಾಸ ಸಾಮಾನ್ಯವಾಗಿ ಬರಿಗಣ್ಣಿಗೆ ತಿಳಿಯದು. ಮೂಗುಬೊಟ್ಟಿನ 2–3 ಸೆಂಟ್ ಕಲ್ಲಿಗೆ ವಿವಿಎಸ್ ದರ ತೆರುವುದು, ನನ್ನ ಮಟ್ಟಿಗೆ, ದಂಡ. ದೊಡ್ಡ ಕಲ್ಲಿನಲ್ಲಿ ಗ್ರೇಡ್‌ನಷ್ಟೇ ಮುಖ್ಯವಾದದ್ದು ದೋಷ ಎಲ್ಲಿದೆ ಎಂಬುದು. ನಡುವಿನ ಒಂದೇ ಕಪ್ಪು ಚುಕ್ಕಿ ಹಲವು ಮುಖಗಳಲ್ಲಿ ಪ್ರತಿಫಲಿಸಿ ನಾಲ್ಕೈದಾಗಿ ಕಾಣಬಹುದು. ಅಂಚಿನವರೆಗೆ ಬಂದ ಬಿರುಕಿದ್ದರೆ, ಕಲ್ಲನ್ನು ಹಿಡಿದಿಡುವ ಕೊಂಡಿ ಒತ್ತುವಾಗಲೇ ಅದು ಚಕ್ಕೆ ಏಳುವ ಭಯವಿದೆ. ಬದಿಯ ಸಣ್ಣ ಬಿಳಿ ಚುಕ್ಕಿ ಕೊಂಡಿಯಡಿ ಮರೆಯಾಗುತ್ತದೆ, ಚಿಂತೆಯಿಲ್ಲ.

ನೋಡುವ ಮೊದಲು ಕಲ್ಲನ್ನು ಒರೆಸಿಸಿ. ಒರೆಸಿದಾಗ ಜಾಗ ಬದಲಿಸಿದ ಚುಕ್ಕಿ ಬರೀ ಧೂಳು. ಲೂಪ್ ಕಣ್ಣಿಗೆ ತಾಗುವಷ್ಟು ಹತ್ತಿರವಿರಲಿ, ಕಲ್ಲು ಅದರಿಂದ ಒಂದು ಇಂಚು ದೂರ. ಮೇಲಿನಿಂದ ನೋಡಿ, ಆಮೇಲೆ ಓರೆ ಮಾಡಿ ಬದಿಯಿಂದಲೂ ನೋಡಿ. ಅಂಗಡಿಯ ಸ್ಪಾಟ್‌ಲೈಟಿನಡಿ ಕಳಪೆ ಕಟ್ ಕೂಡ ಮಿನುಗುತ್ತದೆ, ಬಾಗಿಲ ಬಳಿ ತಂದು ನೋಡಿ. ನಮ್ಮ ಮಳೆಗಾಲದ ಮೋಡದ ಬೆಳಕು ಇದಕ್ಕೆ ಹೇಳಿ ಮಾಡಿಸಿದಂಥದ್ದು.

ಏಳು ಕಲ್ಲಿನ ಓಲೆ ಮಾಡಿಸುವವರು ಕಲ್ಲು ಕೂರಿಸುವ ಮೊದಲೇ ಬಿಡಿಯಾಗಿ ನೋಡಿ, ತೂಗಿಸಿಕೊಳ್ಳಬೇಕು. ಹಿಂಬದಿ ಮುಚ್ಚಿ ಕೂರಿಸಿದ ಕಲ್ಲಿನ ತಳ ಕಾಣುವುದಿಲ್ಲ, ಆಮೇಲೆ ಹೇಳುವ ತೂಕವೂ ಬರೀ ಅಂದಾಜು.

ಸರ್ಟಿಫಿಕೇಟಿನ ಸಂಖ್ಯೆಯನ್ನು ಕಲ್ಲಿನ ಅಂಚಿನಲ್ಲಿ ಲೇಸರ್‌ನಿಂದ ಕೆತ್ತಿದ್ದರೆ ಲೂಪ್‌ನಲ್ಲಿ ಓದಿ, ಪ್ರಯೋಗಾಲಯದ ಜಾಲತಾಣದಲ್ಲಿ ತಾಳೆ ನೋಡಿ. ವಜ್ರ ಪರೀಕ್ಷಿಸಿ ವರದಿ ಕೊಡುವ ಅಮೆರಿಕದ ಜಿಐಎ ಸಂಸ್ಥೆ ಕಟ್ ಗ್ರೇಡ್ ಕೊಡುವುದು ದುಂಡು ಕಲ್ಲಿಗೆ ಮಾತ್ರ. ಅದರ ವರದಿಯಿರುವ ಅಂಡಾಕಾರದ ಕಲ್ಲು ತೋರಿಸಿ ‘ಎಕ್ಸಲೆಂಟ್’ ಎಂದರೆ ಅದು ಪಾಲಿಶ್ ಅಥವಾ ಸಿಮೆಟ್ರಿಯ (ಮುಖಗಳ ಸಮರೂಪತೆಯ) ಮಾತು.

‘ಹಾಲ್‌ಮಾರ್ಕ್ ಇದೆಯಲ್ಲ’ ಎಂಬ ಸಮಾಧಾನವೂ ಬೇಡ. ಹಾಲ್‌ಮಾರ್ಕಿನ 6 ಅಕ್ಷರ–ಅಂಕಿಗಳ ಗುರುತಿನ ಸಂಖ್ಯೆ, ಎಚ್‌ಯುಐಡಿ, ಚಿನ್ನದ ಶುದ್ಧತೆಗಷ್ಟೇ ಸಂಬಂಧಿಸಿದ್ದು. 750 ಎಂಬ ಮುದ್ರೆ ಚಿನ್ನ 18 ಕ್ಯಾರೆಟ್ ಎನ್ನುತ್ತದೆ. ಕಲ್ಲಿನ ಕ್ಯಾರೆಟ್ ತೂಕ, ಅದೇ ಬೇರೆ. ಬಿಲ್ಲಿನಲ್ಲಿ ಚಿನ್ನದ ನಿವ್ವಳ ತೂಕ, ಕಲ್ಲುಗಳ ಸಂಖ್ಯೆ, ತೂಕ, ಗ್ರೇಡ್, ದರ ಎಲ್ಲವನ್ನೂ ಪ್ರತ್ಯೇಕವಾಗಿ ಬರೆಸಿಕೊಳ್ಳಿ. ಜಾಹೀರಾತು ಕೊಡುವವರು ವಿವಿಎಸ್ ಪಕ್ಕದಲ್ಲಿ ಕಟ್ ಗ್ರೇಡನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಲಿ.

– ಆಭರಣ ಮೌಲ್ಯಮಾಪಕ, ರಥಬೀದಿ, ಉಡುಪಿ