ಮಗು ಮೊಂಡಲ್ಲ, ಹೆದರಿದೆ

ಮಾನ್ಯ ಸಂಪಾದಕರೇ,

ಶಾಲೆ ಶುರುವಾಗಿ ಎರಡು ತಿಂಗಳು ಕಳೆಯುವಷ್ಟರಲ್ಲಿ ಪ್ರತಿ ತರಗತಿಯಲ್ಲೂ ಒಂದಿಬ್ಬರಿಗೆ ‘ಮೊಂಡ’, ‘ದಡ್ಡಿ’ ಎಂಬ ಹೆಸರು ಅಂಟಿಬಿಡುತ್ತದೆ. ಮನೆಯಲ್ಲಿ ಏನು ನಡೀತಿದೆ ಎಂದು ಕೇಳುವವರು ಕಡಿಮೆ.

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ನನ್ನ ಮೂರನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದಾನೆ. ಪಕ್ಕದಲ್ಲಿ ಯಾರಾದರೂ ಸುಮ್ನೆ ಕಿಟಕಿ ಮುಚ್ಚಲು ಕೈ ಎತ್ತಿದರೂ ತಲೆ ತಗ್ಗಿಸಿ ಎರಡೂ ಕಿವಿ ಮುಚ್ಚಿಕೊಳ್ಳುತ್ತಾನೆ. ನಿನ್ನೆ ಹೇಳಿದ ಮಗ್ಗಿ ಇವತ್ತು ನೆನಪಿರುವುದಿಲ್ಲ. ಯಾರದಾದರೂ ಮೈ ತಾಗಿದರೆ ಹೊಡೆದೇ ಬಿಡುತ್ತಾನೆ. ಅವನ ಮನೆಯ ವಿಷಯ ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ. ಇಂಥ ಮಕ್ಕಳು ಎಲ್ಲ ಊರಲ್ಲೂ ಇದ್ದಾರೆ.

ಹೆದರಿದಾಗ ಮೈಯಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನ್ ಏರುತ್ತದೆ. ಪರೀಕ್ಷೆಯ ಭಯದಂಥದ್ದಾದರೆ ಬೇಗ ಇಳಿಯುತ್ತದೆ, ತೊಂದರೆಯಿಲ್ಲ. ಆದರೆ ಮನೆಯಲ್ಲಿ ದಿನಾ ಕುಡಿತ, ಬಡಿದಾಟ ಇದ್ದು, ಮಗುವನ್ನು ಹತ್ತಿರ ಕರೆದು ಸಮಾಧಾನ ಮಾಡುವವರೂ ಇಲ್ಲದಿದ್ದರೆ? ಮೆದುಳಿನಲ್ಲಿ ಅಪಾಯ ಗುರುತಿಸುವ ಅಮಿಗ್ಡಲಾ ಎಂಬ ಭಾಗ ಸದಾ ಎಚ್ಚರವಾಗಿಯೇ ಇರುತ್ತದೆ. ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್, ಸಿಟ್ಟು ತಡೆದು ಯೋಚಿಸಲು ಬೇಕಾದ ಹಣೆಯ ಹಿಂದಿನ ಭಾಗ, ಇವುಗಳ ಬೆಳವಣಿಗೆಗೆ ಪೆಟ್ಟು ಬೀಳಬಹುದು. ಅಂಥ ಮಗುವಿಗೆ ಇನ್ನೆರಡು ಏಟು ಕೊಟ್ಟರೆ ಹೆದರಿಕೆ ಜಾಸ್ತಿಯಾಗುತ್ತದೆ ಅಷ್ಟೇ, ಅಲ್ವಾ?

ಹಾಗಂತ ಎಲ್ಲ ಮುಗಿದುಹೋಯಿತು ಎಂದಲ್ಲ. ರೊಮೇನಿಯಾದಲ್ಲಿ ಸರ್ವಾಧಿಕಾರಿ ಚೌಷೆಸ್ಕು ಆಡಳಿತ 1989ರಲ್ಲಿ ಬಿದ್ದಾಗ ಅನಾಥಾಲಯಗಳು ಮಕ್ಕಳಿಂದ ತುಂಬಿದ್ದವು. ಹಾಲು, ಬಟ್ಟೆ ಕೊಡಲು ಆಯಾಗಳಿದ್ದರೂ ಎತ್ತಿ ಆಡಿಸುವವರಿರಲಿಲ್ಲ. 2000ದ ಸುಮಾರಿಗೆ ಅಮೆರಿಕದ ಮೆದುಳು ವಿಜ್ಞಾನಿ ಚಾರ್ಲ್ಸ್ ನೆಲ್ಸನ್ ಮತ್ತು ಸಂಗಡಿಗರು ಅಲ್ಲಿನ ರಾಜಧಾನಿ ಬುಕಾರೆಸ್ಟ್‌ನ ಅಂಥ 136 ಎಳೆಯ ಮಕ್ಕಳ ಅಧ್ಯಯನ ಶುರು ಮಾಡಿದರು. ಅರ್ಧದಷ್ಟು ಮಕ್ಕಳನ್ನು ಸಾಕು ಮನೆಗಳಿಗೆ ಕಳಿಸಿದರು. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರ ಮೆದುಳಿನ ಚಟುವಟಿಕೆ ಎಂಟನೇ ವಯಸ್ಸಿಗೆ ಹೆತ್ತವರ ಜೊತೆ ಬೆಳೆದ ಮಕ್ಕಳಂತೆಯೇ ಇತ್ತು. ಆ ವಯಸ್ಸು ದಾಟಿದವರಿಗೂ ಅಕ್ಕರೆ ವ್ಯರ್ಥವಲ್ಲ, ಆದರೆ ಬೇಗ ಸಿಕ್ಕಷ್ಟೂ ಒಳ್ಳೆಯದು. ನಮ್ಮ ಕಡೆ ಅಪ್ಪ ಅಮ್ಮ ಗುಳೆ ಹೋದಾಗ ಅಜ್ಜಿಯೊಬ್ಬಳು ಆ ಕೆಲಸ ಮಾಡುವುದನ್ನು ಕಣ್ಣಾರೆ ಕಂಡಿದ್ದೇನೆ. ಅಜ್ಜಿಯೂ ಇಲ್ಲದ ಮಗುವಿಗೆ ಉಳಿಯುವುದು ಶಾಲೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳನ್ನು ಹೊಡೆಯುವುದನ್ನೂ ಮನಸ್ಸು ನೋಯಿಸುವುದನ್ನೂ ನಿಷೇಧಿಸಿದೆ. ಕೋಲು ಕೆಳಗಿಟ್ಟ ಮೇಲೆ ಏನು ಮಾಡಬೇಕು ಎಂಬುದನ್ನೂ ನಮಗೆ ಕಲಿಸಬೇಕಲ್ಲ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳಲ್ಲಿ ಅಂಕಿಅಂಶ ತುಂಬಿಸುವುದರಲ್ಲೇ ದಿನ ಕಳೆಯುತ್ತದೆ. ಅದರಲ್ಲಿ ಒಂದು ಸಭೆಗಾದರೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರನ್ನು ಕರೆಸಲಿ. ಮಕ್ಕಳ ಸಹಾಯವಾಣಿ 1098 ಪ್ರತಿ ಶಾಲೆಯ ಗೋಡೆಯ ಮೇಲೆ, ಮಕ್ಕಳ ಕಣ್ಣಿನ ಎತ್ತರದಲ್ಲಿ ಇರಲಿ. ತಾಲ್ಲೂಕಿಗೊಬ್ಬ ಆಪ್ತಸಮಾಲೋಚಕರನ್ನು ಶಿಕ್ಷಣ ಇಲಾಖೆ ಮುಂದಿನ ಜೂನ್ ಒಳಗೆ ನೇಮಿಸಬೇಕು.

ಇಂತಿ,
ಪ್ರಾಥಮಿಕ ಶಾಲಾ ಶಿಕ್ಷಕಿ, ಯಾದಗಿರಿ ಜಿಲ್ಲೆ