ನೀರಿಗೆ ನೀಲಿ ಬಳಿಯುವ ಮುನ್ನ

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು. ನೀನು ಮೊಬೈಲಿನಲ್ಲಿ ಕಳಿಸಿದ ಕೆರೆಯ ಚಿತ್ರವನ್ನು ಮೂರು ದಿನಗಳಿಂದ ತೆಗೆದು ತೆಗೆದು ನೋಡುತ್ತಿದ್ದೇನೆ. ದಂಡೆಯ ಹುಲ್ಲಿನಲ್ಲಿ ನಿನ್ನ ಕುಂಚ ಹಾಯಾಗಿ ಓಡಿದೆ, ಗಾಳಿ ಬೀಸಿದ್ದು ನನಗೂ ತಾಕಿತು. ನೀರಿಗೆ ಬಂದಾಗ ಮಾತ್ರ ಕೈ ಬಿಗಿದಿದೆ. ಅಲ್ಲಿ ನೀನು ಕಣ್ಣಿಗೆ ಕಂಡದ್ದನ್ನು ಬಿಟ್ಟು, ನೀರೆಂದರೆ ನೀಲಿ ಎಂದು ಚಿಕ್ಕಂದಿನಿಂದ ಕಲಿತದ್ದನ್ನು ಬಳಿದಿದ್ದೀಯೆ.

ಮುಂದಿನ ಸಲ ದಡದಲ್ಲಿ ಕುಳಿತಾಗ ಕಣ್ಣನ್ನು ಅರೆಮುಚ್ಚಿ ನೋಡು. ಎಲೆ, ಕೊಂಬೆ, ಅಲೆ ಎಲ್ಲ ಕರಗಿ ನಾಲ್ಕೈದು ದೊಡ್ಡ ಬಣ್ಣದ ತೇಪೆಗಳು ಉಳಿಯುತ್ತವೆ. ಮೊದಲು ಅವನ್ನೇ ಹಾಕು. ಆಮೇಲೆ ಮರದ ಪ್ರತಿಬಿಂಬಕ್ಕೆ ಬಾ. ದಟ್ಟ ಮರ ನೀರಿನಲ್ಲಿ ತುಸು ತಿಳಿಯಾಗುತ್ತದೆ, ಹೊಳೆಯುವ ಆಕಾಶ ತುಸು ಮಂಕಾಗುತ್ತದೆ. ನೆರಳು ಸೂರ್ಯನಿಗೆ ಎದುರು ದಿಕ್ಕಿಗೆ ಬೀಳುತ್ತದೆ. ಪ್ರತಿಬಿಂಬ ಹಾಗಲ್ಲ, ನೆಟ್ಟಗೆ ನಿನ್ನ ಕಡೆಗೇ ಇಳಿಯುತ್ತದೆ. ನಿನ್ನ ಚಿತ್ರದಲ್ಲಿ ಎರಡೂ ಒಂದೇ ಕಡೆ ವಾಲಿವೆ, ಅದಕ್ಕೇ ಕೆರೆ ಇಳಿಜಾರಿನಂತೆ ಕಾಣುತ್ತಿದೆ. ಪ್ರತಿಬಿಂಬವನ್ನು ಮೇಲಿನಿಂದ ಕೆಳಕ್ಕೆ ಎಳೆದು, ಬಣ್ಣ ಹಸಿಯಿರುವಾಗಲೇ ಒಣ ಕುಂಚದಿಂದ ಅಡ್ಡಲಾಗಿ ಒಂದೆರಡು ಸಲ ಹಗುರಾಗಿ ಸವರು. ನೀರು ಮಟ್ಟಸವಾಗುತ್ತದೆ. ಮೂರನೆಯ ಸಲ ಸವರಬೇಡ, ಕೆಸರಾಗುತ್ತದೆ.

1869ರ ಬೇಸಿಗೆಯಲ್ಲಿ ಫ್ರಾನ್ಸಿನ ಚಿತ್ರಕಾರರಾದ ಮೊನೆ ಮತ್ತು ರೆನ್ವಾರ್ ಅಲ್ಲಿನ ಸೇನ್ ನದಿಯ ದಡದಲ್ಲಿ, ಲಾ ಗ್ರೆನುಯೇರ್ ಎಂಬ ವಿಹಾರತಾಣದಲ್ಲಿ, ಅಕ್ಕಪಕ್ಕ ಕುಳಿತು ಒಂದೇ ನೋಟವನ್ನು ಬರೆದರು. ಎರಡು ಚಿತ್ರಗಳನ್ನೂ ಹುಡುಕಿ ಜೊತೆಗಿಟ್ಟು ನೋಡು. ಮೊನೆಯ ನೀರು ಅಗಲವಾದ ಅಡ್ಡ ಪಟ್ಟಿಗಳು, ಅಷ್ಟೇ. ದೂರ ಸರಿದರೆ ಅವೇ ತುಳುಕುತ್ತವೆ. ರೆನ್ವಾರ್ ಜನರ ಉಡುಪಿನ ಮೇಲೆ ಹೆಚ್ಚು ಹೊತ್ತು ನಿಂತಿದ್ದಾನೆ, ಅವನ ಕುಂಚ ಗರಿಯಷ್ಟು ಮೃದು. ನನಗೆ ಮೊನೆಯದೇ ಹೆಚ್ಚು ಇಷ್ಟ, ನಿನಗೆ ಯಾವುದು ಹಿಡಿಸಿತೆಂದು ಬರೆ.

ಕಪ್ಪು ಟ್ಯೂಬು ಸದ್ಯಕ್ಕೆ ಪೆಟ್ಟಿಗೆಯಲ್ಲೇ ಇರಲಿ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿ ನೋಡು, ಕಪ್ಪಿಗಿಂತ ಜೀವವಿರುವ ಗಾಢ ಬಣ್ಣ ಸಿಗುತ್ತದೆ. ಬಿಸಿಲು ಹಳದಿಯಾಗಿದ್ದಾಗ ಹುಲ್ಲಿನ ನೆರಳಿನಲ್ಲಿ ನೇರಳೆ ಹುಡುಕು, ಸಿಕ್ಕೇ ಸಿಗುತ್ತದೆ.

ಬೆಳಕು ನಿನಗಾಗಿ ಕಾಯುವುದಿಲ್ಲ ಎಂಬುದನ್ನು ನಾನು ತಡವಾಗಿ ಕಲಿತೆ. ಒಮ್ಮೆ ಬೆಳಿಗ್ಗೆ ಏಳಕ್ಕೆ ಕುಳಿತವಳು ಮಧ್ಯಾಹ್ನದವರೆಗೆ ಏಳಲಿಲ್ಲ. ಮನೆಗೆ ತಂದು ನೋಡಿದರೆ ಮರದ ನೆರಳು ಏಳು ಗಂಟೆಯದು, ದಂಡೆಯ ಬಿಸಿಲು ಹನ್ನೊಂದರದು, ಚಿತ್ರದಲ್ಲಿ ಯಾವ ಹೊತ್ತೂ ಇರಲಿಲ್ಲ. ತುಂಬ ನೋವಾಯಿತು. ಅಂದಿನಿಂದ ಎರಡು ಗಂಟೆ ದಾಟಿದರೆ ಕುಂಚ ಕೆಳಗಿಡುತ್ತೇನೆ, ಮರುದಿನ ಅದೇ ಹೊತ್ತಿಗೆ ಹೋಗುತ್ತೇನೆ. ನೀನೂ ಹಾಗೆ ಮಾಡು.

ಮೊದಲ ಪದರಕ್ಕೆ ಟರ್ಪೆಂಟೈನ್ ಬೆರೆಸಿ ತೆಳುವಾಗಿ ಹಚ್ಚು, ಎಣ್ಣೆ ಹೆಚ್ಚಿರುವ ಬಣ್ಣ ಮೇಲಿನ ಪದರಗಳಿಗಿರಲಿ. ಇದು ತಿರುಗುಮುರುಗಾದರೆ ಮುಂದೆ ಮೇಲ್ಮೈ ಬಿರುಕು ಬಿಡುತ್ತದೆ. ಕೋಣೆಯ ಕಿಟಕಿ ತೆರೆದಿರಲಿ. ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡ, ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಹೊರಗೆ ಹರಡಿ ಒಣಗಿಸು. ಈ ಮಾತನ್ನು ಮರೆಯಬೇಡ, ನನಗೆ ಚಿತ್ರಕ್ಕಿಂತ ನೀನು ಮುಖ್ಯ.

ನಿನ್ನ ಕ್ಯಾನ್ವಾಸ್ ಇನ್ನೂ ಪೂರ್ತಿ ಒಣಗಿರಲಾರದು. ನೀರಿನ ಭಾಗವನ್ನು ಚಾಕುವಿನಿಂದ ಕೆರೆದುಬಿಡು, ಹೆದರಬೇಡ. ಹುಲ್ಲನ್ನು ಮಾತ್ರ ಮುಟ್ಟಬೇಡ. ಹೊಸ ನೀರು ತುಂಬಿದ ಮೇಲೆ ಹತ್ತಿರದಿಂದೊಂದು, ದೂರದಿಂದೊಂದು ಫೋಟೊ ತೆಗೆದು ಕಳಿಸು.

ಇತಿ,
ನಿನ್ನ ದೊಡ್ಡಮ್ಮ