ಸಕಲೇಶಪುರದ ಆ ಮೆಕ್ಯಾನಿಕ್ ಅಣ್ಣಂಗೆ ಥ್ಯಾಂಕ್ಸ್

ಹೆಸರು ಕೇಳಿದ್ರೆ "ಅದೆಲ್ಲ ಯಾಕೆ ಬಿಡಿ ಸಾರ್" ಅಂದ್ಬಿಟ್ರು, ಅದಕ್ಕೆ ಇಲ್ಲೇ ಎಲ್ಲರ ಮುಂದೆ ಹೇಳ್ತಿದೀನಿ, ತುಂಬಾ ತುಂಬಾ ಥ್ಯಾಂಕ್ಸ್ ಅಣ್ಣ. ಟೈಮಿಂಗ್ ಬೆಲ್ಟ್ (ಇಂಜಿನ್ನಲ್ಲಿ ಪಿಸ್ಟನ್ನಿಗೂ ವಾಲ್ವಿಗೂ ತಾಳ ಹೊಂದಿಸೋ ಬೆಲ್ಟು) ಕಟ್ಟಾಗಿ ಗಾಡಿ ನಿಂತಾಗ ಬೇರೆ ಕಡೆ ಇಂಜಿನ್ನೇ ಬದಲಾಯಿಸ್ಬೇಕು ಅಂದಿದ್ರು. ಇವ್ರು ಮಾತ್ರ ಮೊದ್ಲು ಸ್ಟಾರ್ಟ್ ಮಾಡೋಕೆ ಹೋಗ್ಬೇಡಿ ಅಂದ್ರು, ಡೀಸೆಲ್ ಇಂಜಿನ್ನಲ್ಲಿ ಕಂಪ್ರೆಷನ್ ಜಾಸ್ತಿ, ಪಿಸ್ಟನ್ನಿಗೂ ವಾಲ್ವಿಗೂ ಮಧ್ಯೆ ಜಾಗಾನೇ ಇರಲ್ಲ, ಬೆಲ್ಟ್ ಹೋದ್ರೆ ವಾಲ್ವ್ ತೆರೆದು ಮುಚ್ಚೋ ಕ್ಯಾಮ್ ನಿಂತ್ಬಿಡುತ್ತೆ, ಪಿಸ್ಟನ್ ಮೇಲೆ ಬಂದು ತೆರೆದಿರೋ ವಾಲ್ವಿಗೆ ಹೊಡೆಯುತ್ತೆ ಅಂತ ಹೆಡ್ (ಇಂಜಿನ್ನಿನ ಮೇಲ್ಭಾಗ) ಬಿಚ್ಚಿ ತೋರಿಸಿದ್ರು. ಪಿಸ್ಟನ್ ತಲೆ ಮೇಲೆ ಅರ್ಧಚಂದ್ರದ ಗುರುತು, ಕೆಲವು ವಾಲ್ವ್ ಬೆಂಡು, ಆದ್ರೆ ಕನೆಕ್ಟಿಂಗ್ ರಾಡು, ಬ್ಲಾಕು ಎಲ್ಲ ಸರಿಯಿತ್ತು. ಹೊಸ ವಾಲ್ವು, ಹೆಡ್ ಗ್ಯಾಸ್ಕೆಟ್ಟು, ಬೆಲ್ಟ್ ಜೊತೆಗೆ ಅದನ್ನ ಬಿಗಿಯಾಗಿಡೋ ಟೆನ್ಷನರ್ರೂ ವಾಟರ್ ಪಂಪೂ ಹಾಕಿದ್ರು. ನಂಗೆ ತುಂಬಾ ಇಷ್ಟ ಆಗಿದ್ದು ಏನಂದ್ರೆ, ಕೀ ತಿರುಗಿಸೋಕೆ ಮುಂಚೆ ಸ್ಪ್ಯಾನರ್ ಹಾಕಿ ಕ್ರ್ಯಾಂಕನ್ನ (ಪಿಸ್ಟನ್ನುಗಳು ಸೇರಿರೋ ಶಾಫ್ಟು) ಕೈಯಲ್ಲೇ ನಿಧಾನಕ್ಕೆ 2 ಸುತ್ತು ತಿರುಗಿಸಿ, ಎಲ್ಲೂ ತಗುಲ್ತಿಲ್ಲ, ಟೈಮಿಂಗ್ ಹೊಂದಿಸೋ ಮಾರ್ಕ್ ಸರಿಯಾಗಿ ಕೂತಿದೆ ಅಂತ ಟಾರ್ಚ್ ಹಿಡಿದು ನೋಡಿದ್ರು (ಎಲ್ಲರೂ ಇಷ್ಟು ತಾಳ್ಮೆ ಇಟ್ಕೊಳಲ್ಲ). ಕೂಲಿ ನ್ಯಾಯವಾಗೇ ತಗೊಂಡ್ರು, ಬೆಂಡಾದ ವಾಲ್ವೆಲ್ಲ ಕವರಲ್ಲಿ ಹಾಕಿ ಕೈಗೆ ಕೊಟ್ರು. ಅಣ್ಣ, ಇದು ನಿಮ್ಮ ಕಣ್ಣಿಗೆ ಬಿದ್ರೆ, ಗಾಡಿ ಚೆನ್ನಾಗಿ ಓಡ್ತಿದೆ, ಈ ಸಲ ಆ ಕಡೆ ಬಂದಾಗ ಊಟ ನಮ್ಮದು.